ಸುದ್ದಿ ಇಲ್ಲವೆಂಬ ಸುದ್ದಿ

ಆ ಸಾಗಣೆ ಕಂಪನಿಗೆ ಸೇರಿದ ಮೊದಲ ವಾರ ನಾನು ಒಂದು ಸಾಲು ಪ್ರೋಗ್ರಾಂ ಕೂಡ ಬರೆಯಲಿಲ್ಲ. ಕಂಟ್ರೋಲ್ ರೂಮಿನ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು, ಅಲ್ಲಿ ಕೆಲಸ ಹೇಗೆ ನಡೆಯುತ್ತದೆಂದು ನೋಡುತ್ತಾ ಕೂತಿದ್ದೆ. ರಾಜಧಾನಿ ಬಿಷ್ಕೆಕ್‌ನ ಪಶ್ಚಿಮದ ಅಂಚು, ಲಾರಿಗಳು ನಿಲ್ಲುವ ಅಂಗಳ, ಅದರ ಮೇಲಿನ ಮಹಡಿಯಲ್ಲಿ ಆ ಕೋಣೆ. ಮೂರು ಮೇಜು, ಮೂವರು ಕೆಲಸದವರು, ನಾಲ್ಕು ಫೋನು, ಕಿಟಕಿಯ ತುಂಬ ದಕ್ಷಿಣದ ಬೆಟ್ಟಗಳು. ನಡುವಿನ ಮೇಜು ಕಲೀಪಕ್ಕನದು.

ಕಲೀಪಕ್ಕನಿಗೆ ಆಗ ಐವತ್ತೆಂಟು. ಇಪ್ಪತ್ತೆರಡು ವರ್ಷದಿಂದ ಅದೇ ಮೇಜು. ಎಡಮೊಣಕಾಲು ಮಡಚಲು ಬಾರದ್ದರಿಂದ ಅದನ್ನೊಂದು ಖಾಲಿ ಪೆಟ್ಟಿಗೆಯ ಮೇಲೆ ಚಾಚಿಕೊಂಡು, ಸೂರ್ಯಕಾಂತಿ ಬೀಜ ಬಿಡಿಸುತ್ತಾ, ಬೆಟ್ಟಗಳಾಚೆಯ ಓಶ್ ಪಟ್ಟಣಕ್ಕೆ ಹೋಗುವ ಮತ್ತು ಓಶ್‌ನಿಂದ ಬರುವ ಎಂಬತ್ತು ಲಾರಿಗಳ ಲಗಾಮು ಹಿಡಿದಿರುತ್ತಿದ್ದರು. ಯಾವ ಡ್ರೈವರ್ ಯಾವ ತಿರುವಿನಲ್ಲಿ ಚಹಾ ಕುಡಿಯುತ್ತಾನೆ, ಯಾರಿಗೆ ಊಟವಾದ ಮೇಲೆ ತೂಕಡಿಕೆ ಬರುತ್ತದೆ, ಯಾರು ಮಂಜಿನಲ್ಲಿ ಹೆದರುತ್ತಾನೆ, ಯಾರು ಹೆದರಬೇಕಾದಲ್ಲೂ ಹೆದರುವುದಿಲ್ಲ, ಎಲ್ಲವೂ ಅವರಿಗೆ ಬಾಯಿಪಾಠ.

ಬರುವ ಫೋನುಗಳಲ್ಲಿ ಅರ್ಧಕ್ಕರ್ಧ ಡ್ರೈವರುಗಳ ಮನೆಯವರದು. ಕೇಳುವುದು ಒಂದೇ: ಎಲ್ಲಿಗೆ ಮುಟ್ಟಿದರು, ಘಾಟಿ ದಾಟಿದರಾ? ಎಲ್ಲರಿಗಿಂತ ಹೆಚ್ಚು ಸಲ ಮಾಡುತ್ತಿದ್ದವಳು ತೊಕ್ತೊಗುಲ್ ಊರಿನ ಸಬೀರಾ. ಗಂಡ ಕುಬಾತ್ ಲಾರಿ ಹತ್ತಿದ ದಿನ ಗಂಟೆಗೊಂದು ಫೋನು. ಆರು ವರ್ಷದಿಂದ ಹೀಗೇ. ಕಲೀಪಕ್ಕ ಅವಳ ಮೇಲೆ ಒಮ್ಮೆಯೂ ಸಿಡುಕಿದ್ದನ್ನು ನಾನು ಕಾಣೆ. "ಬಂದ ಕಣಮ್ಮ, ಸುರಂಗದ ಹತ್ರ ಇದಾನೆ. ನೀನು ಹೋಗಿ ಹಿಟ್ಟು ಕಲಸ್ಕೋ" ಎನ್ನುತ್ತಿದ್ದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

ಕಂಪನಿಯ ಹಳೆಯ ಪ್ರೋಗ್ರಾಮಿನ ಸ್ವಭಾವವೂ ಹೆಚ್ಚುಕಡಿಮೆ ಇದೇ. ಕಂಟ್ರೋಲ್ ರೂಮು, ಎರಡೂ ಊರಿನ ಗೋದಾಮು, ಸಾಮಾನು ತರಿಸುವ ಅಂಗಡಿಗಳು, ಎಲ್ಲರೂ ಒಂದೇ ವೆಬ್‌ಸೈಟ್ ತೆರೆದಿಟ್ಟುಕೊಂಡಿರುತ್ತಿದ್ದರು. ಆ ಪುಟ ನಿಮಿಷಕ್ಕೊಂದು ಸಲ ಸರ್ವರಿಗೆ ಕೇಳುತ್ತಿತ್ತು: ಒಂದನೇ ಲಾರಿ ಎಲ್ಲಿ, ಎರಡನೇದು ಎಲ್ಲಿ, ಎಂಬತ್ತನೇದು ಎಲ್ಲಿ. ಮುನ್ನೂರು ಜನರ ಪುಟಗಳು ಒಟ್ಟಿಗೆ ಕೇಳಿದರೆ ಏನಾಗಬೇಕು? ಬೆಳಿಗ್ಗೆ ಹತ್ತಾಗುವಷ್ಟರಲ್ಲಿ ಸರ್ವರ್ ಉಸ್ಸಪ್ಪಾ ಎಂದು ಕೂತುಬಿಡುತ್ತಿತ್ತು.

ಇದನ್ನು ನೆಟ್ಟಗೆ ಮಾಡಲೆಂದೇ ನನ್ನನ್ನು ಕರೆಸಿದ್ದು. ನಾನು ಮಾಲೀಕರಾದ ಎರ್ಕಿನಣ್ಣನಿಗೆ ಹೇಳಿದ್ದು ಇಷ್ಟೇ. ಇನ್ನು ಮೇಲೆ ಯಾರೂ ಕೇಳಬಾರದು. ಏನಾದರೂ ನಡೆದರೆ ನಡೆದ ಕಡೆಯಿಂದಲೇ ಒಂದು ಸಲ ಸಾರಬೇಕು. ಲಾರಿ ಹೊರಟಿತೋ, ಸಾರು. ಸುರಂಗ ದಾಟಿತೋ, ಸಾರು. ಸಾಮಾನು ಇಳಿಯಿತೋ, ಸಾರು. ಯಾರಿಗೆ ಯಾವುದು ಬೇಕೋ ಅವರು ಅದಕ್ಕೆ ಮಾತ್ರ ಕಿವಿಗೊಟ್ಟಿರಲಿ. ಕೇಳುವವರು ಎಷ್ಟು ಮಂದಿ, ಯಾರು ಅನ್ನುವ ಗೊಡವೆ ಸಾರುವವನಿಗೆ ಬೇಡ. ನಾಳೆ ಹೊಸಬರೊಬ್ಬರು ಕೇಳಬೇಕೆಂದರೆ ಹಳೆಯದನ್ನು ಮುಟ್ಟದೆ ಅವರನ್ನು ಸೇರಿಸಿಕೊಳ್ಳಬಹುದು. ಘಟನೆ ನಡೆದಾಗ ಮಾತ್ರ ಎದ್ದು ಕೆಲಸ ಮಾಡುವ ಪ್ರೋಗ್ರಾಂ ಅದು. ಮಿಕ್ಕ ಹೊತ್ತಿನಲ್ಲಿ ತೆಪ್ಪಗಿರುತ್ತದೆ.

ಬರೆದು ಮುಗಿಸಲು ಎಂಟು ತಿಂಗಳು ಹಿಡಿಯಿತು. ಕಲೀಪಕ್ಕ ಅದಕ್ಕೆ 'ಡಂಗುರದವನು' ಎಂದು ಹೆಸರಿಟ್ಟಿದ್ದರು. ನಾನು ಊಟ ಬಿಟ್ಟು ಕೂತಿದ್ದರೆ, "ಆ ಡಂಗುರದವನಿಗೆ ಇಷ್ಟು ಸೇವೆ ಮಾಡ್ತೀಯಲ್ಲ ಮೇರಿಮ್, ಅವನನ್ನೇ ಮದುವೆ ಆಗಿಬಿಡು. ಮೂವತ್ತೊಂದಾಯ್ತು, ಇನ್ನು ಆರಿಸೋಕೆ ಏನಿದೆ" ಎಂದು ಹಂಗಿಸಿ, ತಮ್ಮ ಡಬ್ಬಿಯಿಂದ ಬೋರ್ಸೋಕ್ ಎಂಬ ಕರಿದ ಹಿಟ್ಟಿನ ತಿಂಡಿ ತೆಗೆದು ನನ್ನ ಮುಂದೆ ಸುರಿಯುತ್ತಿದ್ದರು.

ಮನೆಯವರನ್ನೂ ಕೇಳುವವರ ಪಟ್ಟಿಗೆ ಸೇರಿಸಬಹುದು ಅನ್ನುವುದು ನನ್ನದೇ ಯೋಚನೆ. ಲಾರಿ ಒಂದೊಂದು ಜಾಗ ದಾಟಿದಾಗಲೂ ಹೆಂಡತಿಯ, ಇಲ್ಲವೇ ತಾಯಿಯ ಮೊಬೈಲಿಗೆ ಒಂದು ಸಂದೇಶ. ನನ್ನ ಕಡೆಯಿಂದ ಒಂದು ದಿನದ ಕೆಲಸ. ಯಾವ ಲಾರಿ ಎಲ್ಲಿದೆ ಅನ್ನುವುದು ಕಂಪನಿಯೊಳಗಿನ ವಿಷಯ, ಹೊರಗೆ ಹೋಗಬಾರದು ಎಂದು ಎರ್ಕಿನಣ್ಣ ಒಪ್ಪಲಿಲ್ಲ. ಕಲೀಪಕ್ಕ ಅವರನ್ನು ಹುಡುಗನಾಗಿದ್ದಾಗಿನಿಂದ ಕಂಡವರು. "ನಿಮ್ಮಪ್ಪ ಲಾರಿ ಓಡಿಸ್ತಿದ್ದಾಗ ನಿಮ್ಮಮ್ಮ ಇದೇ ಫೋನಿಗೆ ಮಾಡ್ತಿದ್ದಳು. ನಾನು ಕಂಪನಿ ಒಳಗಿನ ವಿಷಯ ಅಂತ ಇಟ್ಟುಬಿಡಬೇಕಿತ್ತಾ?" ಎಂದರು. ಎರ್ಕಿನಣ್ಣ, ಹಾಗಾದರೆ ಮಾಡಿ ಎಂದು ಹೋದರು.

ಸೆಪ್ಟೆಂಬರಿನಲ್ಲಿ ನಲವತ್ತೇಳು ಮನೆಗಳು ಪಟ್ಟಿಗೆ ಸೇರಿದವು. ಇನ್ನು ಫೋನ್ ಮಾಡುವ ಕಷ್ಟ ಬೇಡ, ಸುದ್ದಿ ತಾನಾಗೇ ಬರುತ್ತದೆ ಎಂದು ಕಲೀಪಕ್ಕ ಒಬ್ಬೊಬ್ಬರಿಗೂ ತಾವೇ ಹೇಳಿದರು. ಹೇಳಿದ ಹಾಗೇ ಆಯಿತು. ಸರ್ವರ್ ಒಂದು ದಿನವೂ ಕೂರಲಿಲ್ಲ. ಅಕ್ಟೋಬರ್ ಹೊತ್ತಿಗೆ ನಾಲ್ಕು ಫೋನೂ ಮೌನವಾದವು. ಮೊದಲೆರಡು ವಾರ ಕಲೀಪಕ್ಕ ಖುಷಿಯಾಗೇ ಇದ್ದರು, ಗಂಟಲು ತಣ್ಣಗಾಯಿತು ಎಂದರು. ಆಮೇಲೆ ನಡುನಡುವೆ ಫೋನ್ ಎತ್ತಿ, ಅದರಲ್ಲಿ ಸದ್ದು ಇದೆಯೋ ಇಲ್ಲವೋ ಎಂದು ಕಿವಿಗಿಟ್ಟು ನೋಡುವುದನ್ನು ನಾನು ಕಂಡೆ.

ಹೊಸ ವರ್ಷ ಕಳೆದ ಮೇಲೆ ಎರ್ಕಿನಣ್ಣ ನನ್ನನ್ನು ಕರೆದು, ಪ್ರೋಗ್ರಾಂ ಇಷ್ಟು ಚೆನ್ನಾಗಿ ನಡೆಯುತ್ತಿರುವಾಗ ಕಂಟ್ರೋಲ್ ರೂಮಿಗೆ ಇಬ್ಬರು ಸಾಲದೇ ಎಂದು ಕೇಳಿದರು. ಮೂವರಲ್ಲಿ ಯಾರು ಹೋಗಬೇಕೆಂದು ಬಾಯಿಬಿಟ್ಟು ಹೇಳಲಿಲ್ಲ. ಅಕ್ಕನ ಮೊಣಕಾಲಿನ ನೋವಿನ ಬಗ್ಗೆ ಮಾತ್ರ ವಿಚಾರಿಸಿದರು. ನಾನು, ನೋಡೋಣ ಅಣ್ಣ, ಚಳಿಗಾಲ ಕಳೆಯಲಿ ಎಂದೆ. ಅದನ್ನು ಯಾರು ಮುಟ್ಟಿಸಿದರೋ, ಸಂಜೆ ಕಲೀಪಕ್ಕನಿಗೆ ಗೊತ್ತಾಗಿತ್ತು. ಹೋಗುವಾಗ ನನ್ನ ಕೋಟಿನ ಮೇಲಿನ ಗುಂಡಿ ಹಾಕಿ, ಹೊರಗೆ ಗಾಳಿ ಇದೆ ಎಂದರು. ಅಂದು ಮನೆಗೆ ಹೋಗುವ ದಾರಿಯುದ್ದಕ್ಕೂ ನನಗೆ ನನ್ನ ಮೇಲೇ ಬೇಸರವಾಗಿತ್ತು.

ಫೋನ್ ಮಾಡುವುದನ್ನು ಬಿಡದವಳು ಸಬೀರಾ ಒಬ್ಬಳೇ. ಸಂದೇಶಗಳು ಅವಳಿಗೂ ಬರುತ್ತಿದ್ದವು. ಹಾಗಾಗಿ ಗಂಡ ಎಲ್ಲಿ ಎಂದು ಕೇಳುತ್ತಿರಲಿಲ್ಲ, ಅದಕ್ಕೆ ನಾಚಿಕೆ. ಅಕ್ಕನ ಕಾಲು ಹೇಗಿದೆ, ಬಿಷ್ಕೆಕ್‌ನಲ್ಲಿ ಹಿಮ ಬಿತ್ತಾ, ತಮ್ಮಲ್ಲಿ ಕುರಿ ಎರಡು ಮರಿ ಹಾಕಿತು, ಇಂಥದ್ದು. ಕುಬಾತ್ ಲಾರಿ ಹತ್ತಿದ ದಿನಗಳಲ್ಲಿ ಮಾತ್ರ ಅವಳಿಗೆ ಅಕ್ಕನ ಕಾಲಿನ ನೆನಪಾಗುತ್ತಿತ್ತು.

ಫೆಬ್ರವರಿಯ ಆ ದಿನ ಕುಬಾತ್ ಹಿಟ್ಟಿನ ಮೂಟೆ ತುಂಬಿಕೊಂಡು ಬೆಳಿಗ್ಗೆ ಆರೂವರೆಗೆ ಓಶ್‌ಗೆ ಹೊರಟ. ಹತ್ತು ಗಂಟೆ ಹತ್ತು ನಿಮಿಷಕ್ಕೆ ತೋ-ಅಶೂ ಘಾಟಿಯ ಸುರಂಗ ದಾಟಿದ ಸುದ್ದಿ ಬಂತು. ಅದಾಗಿ ಮುಕ್ಕಾಲು ಗಂಟೆಗೆ ಅವನ ಬೆನ್ನ ಹಿಂದೆ ಬಿರುಗಾಳಿ ಎದ್ದು, ಸುರಂಗದ ಈಚೆಗೆ ರಸ್ತೆ ಮುಚ್ಚಿದರು. ಅವನ ಹಿಂದಿದ್ದ ನಮ್ಮ ಹನ್ನೊಂದು ಲಾರಿ ರಸ್ತೆಯ ಗೇಟಿನ ಬಳಿ ಸಾಲಾಗಿ ನಿಂತವು. 'ನಿಂತಿದೆ', 'ನಿಂತಿದೆ' ಎಂದು ಹನ್ನೊಂದು ಘಟನೆ ಒಂದರ ಹಿಂದೊಂದು ಬಂದವು. ಪರದೆಯ ಮೇಲೆ ಹನ್ನೊಂದು ಕೆಂಪು ಚುಕ್ಕೆ. ಮೂವರೂ ಆ ಡ್ರೈವರುಗಳ ಊಟ, ಡೀಸೆಲ್ಲು, ಸರಕಿಗೆ ಕಾದವರ ಸಿಟ್ಟು, ಇವುಗಳಲ್ಲಿ ಮುಳುಗಿಹೋದರು.

ಕುಬಾತನ ಚುಕ್ಕೆ ಹಸಿರಾಗಿತ್ತು. ಅವನ ಕಡೆಯಿಂದ ಬಂದ ಕೊನೆಯ ಸುದ್ದಿ ಒಳ್ಳೆಯ ಸುದ್ದಿ, ಹಾಗಾಗಿ ಹಸಿರು. ಹಾಗೆಂದು ಬರೆದವಳು ನಾನೇ.

ಒಂದೂವರೆಗೆ ಸಬೀರಾ ಫೋನ್ ಮಾಡಿದಳು. ಅಕ್ಕನ ಕಾಲಿನ ಮಾತೆತ್ತಲಿಲ್ಲ.

"ಅಕ್ಕ, ಹತ್ತು ಗಂಟೆಗೆ ಸುರಂಗ ದಾಟಿದ್ರು ಅಂತ ಬಂತು. ಆಮೇಲೆ ಮೊಬೈಲು ಏನೂ ಹೇಳ್ತಿಲ್ಲ. ಇಷ್ಟು ಹೊತ್ತಿಗೆ ಮುಂದಿನ ಘಾಟಿ, ಅಲಾ-ಬೆಲ್, ಹತ್ತಿರಬೇಕಲ್ವಾ?"

ಕಲೀಪಕ್ಕ ಫೋನಿಗೆ ಕೈ ಅಡ್ಡ ಹಿಡಿದು ನನ್ನ ಕಡೆ ನೋಡಿದರು. ನಾನು ಚಹಾದ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಸುರಂಗದಾಚೆಯ ಸುಸಮೀರ್ ಬಯಲಿನಲ್ಲಿ ಅರ್ಧ ದಾರಿಗೆ ಸಿಗ್ನಲ್ಲೇ ಇರುವುದಿಲ್ಲ, ಆಚೆ ದಾಟಿದ ಕೂಡಲೇ ಎಲ್ಲ ಸುದ್ದಿ ಒಟ್ಟಿಗೆ ಬರುತ್ತದೆ, ಚಿಂತೆ ಮಾಡಬೇಡಿ ಅನ್ನಿ ಎಂದೆ. ನಿಂತಲ್ಲೇ, ಚಹಾ ಆರುತ್ತಿದೆಯಲ್ಲ ಎಂದುಕೊಳ್ಳುತ್ತಾ, ಹಾಗೆಂದೆ.

ಕಲೀಪಕ್ಕ ಆ ಮಾತನ್ನು ಅವಳಿಗೆ ಹೇಳಲಿಲ್ಲ. ಪರದೆ ನೋಡಿದರು. ಗೋಡೆಯ ಗಡಿಯಾರ ನೋಡಿದರು. "ಫೋನ್ ಇಡು ಸಬೀರಾ. ನಾನೇ ಮಾಡ್ತೀನಿ" ಎಂದರು.

ತಲಾಸ್ ಕಡೆಗೆ ದಾರಿ ಕವಲೊಡೆಯುವಲ್ಲಿ ಒಂದು ಹೋಟೆಲ್ಲಿದೆ. ಕುಬಾತ್ ಆರು ವರ್ಷದಿಂದ ಅಲ್ಲಿ ಚಹಾ ಕುಡಿಯದೆ ಮುಂದೆ ಹೋದವನಲ್ಲ. ಕಲೀಪಕ್ಕ ಅಲ್ಲಿಯ ಒಡತಿಗೆ ಫೋನ್ ಹಚ್ಚಿದರು. ಅವನು ಬಂದಿಲ್ಲ, ಹನ್ನೊಂದರಿಂದ ಸುರಂಗದ ಕಡೆಯಿಂದ ಒಂದು ಗಾಡಿಯೂ ಬಂದಿಲ್ಲ, ಹೊರಗೆ ಕಣ್ಣು ಬಿಡಲಾಗದಂಥ ಹಿಮ ಎಂದಳು ಅವಳು. ಅಂದರೆ ಸುರಂಗಕ್ಕೂ ಕವಲಿಗೂ ನಡುವೆ, ಒಂದು ಗಂಟೆಯ ದಾರಿಯಲ್ಲಿ, ಅವನು ಮೂರೂವರೆ ಗಂಟೆಯಿಂದ ಇದ್ದಾನೆ.

ಕಲೀಪಕ್ಕನ ದನಿ ಏರಲಿಲ್ಲ. ಬಯಲಿನಲ್ಲಿ ಹಿಮ ತಳ್ಳುವ ಗಾಡಿಯವರ ಶೆಡ್ಡಿಗೆ ಮಾಡಿದರು. ಅಲ್ಲಿಯ ಮೇಸ್ತ್ರಿಯ ಹೆಸರು, ಅವನ ಮಗಳ ಹೆಸರು ಎರಡೂ ಅವರಿಗೆ ಗೊತ್ತು. ಗಾಳಿ ಇಳಿಯಲಿ, ಆಮೇಲೆ ಹೊರಡುತ್ತೇವೆ ಎಂದನಂತೆ ಅವನು. "ಗಾಳಿ ಇಳಿಯೋ ಹೊತ್ತಿಗೆ ಬೆಳಕೂ ಇಳಿಯುತ್ತೆ ತಮ್ಮಾ. ಹಿಮದ ಒಳಗಿರೋನು ತಾನಾಗೇ ಹೊರಗೆ ಬರಲ್ಲ, ನೀನೇ ಹೋಗಬೇಕು" ಎಂದರು ಕಲೀಪಕ್ಕ. ಅವನು ಹೊರಟ.

ಆಮೇಲೆ ಕಾಯುವುದಷ್ಟೇ. ಕಲೀಪಕ್ಕ ಅರ್ಧ ಗಂಟೆಗೊಂದು ಸಲ ಸಬೀರಾಗೆ ತಾವೇ ಫೋನ್ ಮಾಡುತ್ತಿದ್ದರು. ಹೇಳಲು ಏನೂ ಇಲ್ಲದಿದ್ದರೂ ಮಾಡುತ್ತಿದ್ದರು. "ಇನ್ನೂ ಗೊತ್ತಿಲ್ಲ ಕಣಮ್ಮ. ಹುಡುಕೋಕೆ ಹೋಗಿದಾರೆ. ನಾನು ಇಲ್ಲೇ ಇದೀನಿ." ಒಂದು ಸಲ ಇಬ್ಬರೂ ಮಾತಾಡದೆ ಎಷ್ಟೋ ಹೊತ್ತು ಫೋನ್ ಹಿಡಿದೇ ಇದ್ದರು. ನಾನು ಪಕ್ಕದ ಮೇಜಿನಲ್ಲಿ ಆ ಹಸಿರು ಚುಕ್ಕೆಯನ್ನು ನೋಡುತ್ತಾ ಕೂತಿದ್ದೆ. ಅದನ್ನು ಅಳಿಸಿಹಾಕಬೇಕು ಅನಿಸಿತು. ಅಳಿಸಿದರೆ ಅಪಶಕುನ ಅನ್ನುವ ಹೆದರಿಕೆಯೂ ಆಯಿತು. ಎರ್ಕಿನಣ್ಣ ಬಂದು ಗೋಡೆಗೊರಗಿ ನಿಂತರು. ಯಾರೂ ಅವರಿಗೆ ಕುರ್ಚಿ ಕೊಡಲಿಲ್ಲ, ಅವರೂ ಕೇಳಲಿಲ್ಲ.

ನಾಲ್ಕೂಕಾಲಿಗೆ ಸಿಕ್ಕಿತು. ಬೆಟ್ಟದ ಬದಿಯಿಂದ ಜಾರಿದ ಹಿಮ ಲಾರಿಯನ್ನು ಕಿಟಕಿಯ ಮಟ್ಟಕ್ಕೆ ಹೂತಿತ್ತು. ಡೀಸೆಲ್ ಹೆಪ್ಪುಗಟ್ಟಿ ಎಂಜಿನ್ ನಿಂತು ನಾಲ್ಕು ಗಂಟೆಯಾಗಿತ್ತು. ಕುಬಾತ್ ಸೀಟಿನ ಕೆಳಗಿನ ಉಣ್ಣೆಯ ಕಂಬಳಿ ಸುತ್ತಿಕೊಂಡು, ಮೇಲೆ ಹಿಟ್ಟಿನ ಖಾಲಿ ಚೀಲಗಳನ್ನು ಹೊದ್ದು ಕೂತಿದ್ದ. ಎಚ್ಚರವಿತ್ತು, ಮಾತು ತೊದಲುತ್ತಿತ್ತು, ಬೂಟು ಕಾಲಿಗೆ ಅಂಟಿಕೊಂಡಿತ್ತು. ಇನ್ನೊಂದೆರಡು ಗಂಟೆ ಹೋಗಿದ್ದರೆ ಕಷ್ಟವಿತ್ತು ಎಂದು ಸುಸಮೀರ್‌ನ ಆಸ್ಪತ್ರೆಯ ನರ್ಸು ಆಮೇಲೆ ಹೇಳಿದಳಂತೆ.

ಕಲೀಪಕ್ಕ ಸಬೀರಾಗೆ ಫೋನ್ ಮಾಡಿ "ಸಿಕ್ಕಿದ, ಮಾತಾಡ್ತಿದಾನೆ" ಎಂದರು. ಆ ಕಡೆಯಿಂದ ಏನು ಬಂತೋ ನನಗೆ ಕೇಳಿಸಲಿಲ್ಲ. ಅಕ್ಕ ಫೋನಿಟ್ಟು, ಪೆಟ್ಟಿಗೆಯ ಮೇಲಿಂದ ಕಾಲು ಇಳಿಸಿ, ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ನಾನು ಹೋಗಿ ಅವರ ಪಕ್ಕ ನೆಲದ ಮೇಲೆ ಕೂತೆ.

ಮರುದಿನ ಕುಬಾತನನ್ನು ಘಾಟಿಯ ಈಚೆಗೆ, ಕಾರಾ-ಬಾಲ್ತಾದ ದೊಡ್ಡ ಆಸ್ಪತ್ರೆಗೆ ತಂದರು. ರಸ್ತೆ ತೆರೆದ ಕೂಡಲೇ ಸಬೀರಾ ಯಾರದ್ದೋ ಕಾರಿನಲ್ಲಿ ಬಂದಿಳಿದಳು. ನಾಲ್ಕನೆಯ ದಿನ ಕಲೀಪಕ್ಕನೂ ನಾನೂ ಮಿನಿಬಸ್ಸು ಹಿಡಿದು ನೋಡಲು ಹೋದೆವು. ಅಕ್ಕ ದೊಡ್ಡ ಪಾತ್ರೆಯಲ್ಲಿ ಶೋರ್ಪೋ ಎಂಬ ಕುರಿಮಾಂಸದ ಸಾರು ಮಾಡಿ, ಟವೆಲಿನಲ್ಲಿ ಸುತ್ತಿ, ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡಿದ್ದರು. ನನ್ನ ಕೈಗೆ ಕೊಡಲಿಲ್ಲ.

ಸಬೀರಾಳನ್ನು ನಾನು ದಪ್ಪಗೆ, ಗಟ್ಟಿ ಮಾತಿನವಳು ಎಂದು ಯಾಕೋ ಕಲ್ಪಿಸಿಕೊಂಡಿದ್ದೆ. ಸಣ್ಣಗಿನ ಹೆಂಗಸು, ಹಣೆಯವರೆಗೆ ಇಳಿಸಿ ಕಟ್ಟಿದ ತಲೆವಸ್ತ್ರ. ಕಾರಿಡಾರಿನಲ್ಲಿ ಕುಂಟುತ್ತಾ ಬರುವ ಅಕ್ಕನನ್ನು ನೋಡಿದಳು, ಯಾರೆಂದು ತಿಳಿಯಲಿಲ್ಲ. ಕಲೀಪಕ್ಕ "ಹಿಟ್ಟು ಕಲಸಿದ್ಯಾ?" ಎಂದರು. ದನಿ ಕೇಳಿದ್ದೇ ತಡ, ಸಬೀರಾ ಓಡಿಬಂದು ಅವರ ಹೆಗಲಿಗೆ ಮುಖ ಹುದುಗಿಸಿಬಿಟ್ಟಳು. ಶೋರ್ಪೋ ಪಾತ್ರೆಯನ್ನು ಆಗ ನಾನು ಹಿಡಿದುಕೊಳ್ಳಬೇಕಾಯಿತು.

ಕುಬಾತ್ ಗೋಡೆಬದಿಯ ಹಾಸಿಗೆಯಲ್ಲಿದ್ದ. ಎರಡೂ ಕೈಗೆ ಬ್ಯಾಂಡೇಜು. ಬಲಗಾಲಿನ ಎರಡು ಬೆರಳು ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಅವನು ಅದನ್ನು ದೊಡ್ಡದು ಮಾಡಲಿಲ್ಲ. ಉಳಿದ ಎಂಟು ಸಾಲದಾ, ಕುಣಿಯೋಕೆ ಹೋಗಬೇಕಾ ಎಂದ. ಗಾಡಿ ನಿಂತ ಕೂಡಲೇ ತನ್ನ ಮೊಬೈಲಿನಲ್ಲಿದ್ದ ನಮ್ಮ ಪ್ರೋಗ್ರಾಮಿನಲ್ಲಿ 'ಸಹಾಯ ಬೇಕು' ಅನ್ನುವ ಗುಂಡಿ ಒತ್ತಿದ್ದನಂತೆ. ಸಿಗ್ನಲ್ ಇಲ್ಲ ಎಂದು ತಿಳಿದೂ ಮತ್ತೆ ಮತ್ತೆ ಒತ್ತಿದ್ದನಂತೆ, ಬೆರಳು ಆಡುವವರೆಗೆ. ಆಮೇಲೆ ಮೊಬೈಲು ಸತ್ತುಹೋಯಿತು.

ಸಬೀರಾ ಚಮಚದಿಂದ ಅವನಿಗೆ ಶೋರ್ಪೋ ಕುಡಿಸುತ್ತಿದ್ದಳು. ಪಕ್ಕದ ಹಾಸಿಗೆಯವರ ಚಾರ್ಜರಿಗೆ ಕುಬಾತನ ಮೊಬೈಲು ಸಿಕ್ಕಿಸಿ ಸ್ವಲ್ಪ ಹೊತ್ತಾಗಿತ್ತು. ಅದು ಬೆಳಗಿತು. ಒಂದೆರಡು ನಿಮಿಷಕ್ಕೆ ಸಬೀರಾಳ ಜೇಬಿನಲ್ಲಿದ್ದ ಮೊಬೈಲು ಟಿಣ್ ಎಂದಿತು. ಮತ್ತೆ ಟಿಣ್. ಅವಳು ಚಮಚ ಇಟ್ಟು ತೆಗೆದು ಓದಿದಳು. 'ನಿಮ್ಮ ಪತಿಯ ಲಾರಿ ನಿಂತಿದೆ. ಅವರಿಗೆ ಸಹಾಯ ಬೇಕು.' ಒಂದರ ಕೆಳಗೊಂದು ಹದಿನಾಲ್ಕು ಸಲ. ಕುಬಾತನ ಮೊಬೈಲಿನಲ್ಲೇ ಸಿಕ್ಕಿಕೊಂಡಿದ್ದ ಅಷ್ಟೂ ಕೂಗು ನಾಲ್ಕು ದಿನವಾದ ಮೇಲೆ ದಾರಿ ಸಿಕ್ಕಿ ಬಂದಿತ್ತು.

ಅವಳು ಮೊಬೈಲನ್ನು ಗಂಡನ ಕಣ್ಣ ಮುಂದೆ ಹಿಡಿದಳು. ಅವನು ನಿಧಾನ ಓದಿ, "ಹೂಂ, ಬೇಕು. ಚಮಚ ಎತ್ತು" ಎಂದ. ಅಕ್ಕ ನಕ್ಕರು. ಸಬೀರಾ ನಗುತ್ತಲೇ ಇದ್ದವಳು ನಡುವೆ ಅಳುವುದಕ್ಕೆ ಶುರುಮಾಡಿದಳು, ಅಳುತ್ತಲೇ ಇನ್ನೊಂದು ಚಮಚ ಕುಡಿಸಿದಳು.

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಕಾರಿಡಾರಿಗೆ ಬಂದೆ. ಹಿಂದೆಯೇ ಸಬೀರಾ ಬಂದಳು, ಪಾತ್ರೆ ತೊಳೆಯುವ ನೆಪದಲ್ಲಿ. ನಾನು ಅವಳಿಗೆ ಎಲ್ಲ ಹೇಳಿಬಿಟ್ಟೆ. ಆ ದಿನ ಚಿಂತೆ ಮಾಡಬೇಡಿ ಅನ್ನಿ ಎಂದವಳು ನಾನು, ಚುಕ್ಕೆ ಹಸಿರಿರುವ ಹಾಗೆ ಬರೆದವಳು ನಾನು, ಎಲ್ಲರಿಂದ ಫೋನ್ ಮಾಡುವುದನ್ನು ಬಿಡಿಸಿದವಳೂ ನಾನು. ಹಿಂದಿನ ಕಾಲವಾಗಿದ್ದರೆ ಹನ್ನೊಂದೂವರೆಗೇ ನಿಮ್ಮ ಫೋನ್ ಬಂದಿರುತ್ತಿತ್ತು, ಅಕ್ಕ ಆಗಲೇ ಹುಡುಕಿಸುತ್ತಿದ್ದರು. ಆ ಸಂದೇಶಗಳನ್ನು ನಾಳೆಯೇ ನಿಲ್ಲಿಸುತ್ತೇನೆ ಎಂದೆ.

ಸಬೀರಾ ನಲ್ಲಿ ನಿಲ್ಲಿಸಿ, ಒದ್ದೆ ಕೈಯನ್ನು ತನ್ನ ಉಡುಪಿಗೆ ಒರೆಸಿಕೊಂಡಳು.

"ನಿಲ್ಲಿಸಬೇಡ ತಂಗಿ. ಅದು ಬರೋಕೆ ಶುರುವಾದ ಮೇಲೆ ನಾನು ಕೂತು ಊಟ ಮಾಡೋದು ಕಲಿತೆ. ಮುಂಚೆ ನಿಂತ್ಕೊಂಡೇ ತಿಂತಿದ್ದೆ, ಗೊತ್ತಾ? ಆರು ವರ್ಷ." ಪಾತ್ರೆ ಬೋರಲಿಟ್ಟು, "ಆದ್ರೆ ಅದಕ್ಕೆ ಒಂದು ಕಲಿಸು. ಗೊತ್ತಿಲ್ದೆ ಇದ್ರೆ ಗೊತ್ತಿಲ್ಲ ಅಂತ ಹೇಳೋಕೆ ಕಲಿಸು. ಅದು ಸುಮ್ಮನಿದ್ರೆ ನಾವು ಎಲ್ಲ ಸರಿ ಇದೆ ಅಂದ್ಕೊಂಡುಬಿಡ್ತೀವಿ" ಎಂದಳು.

ವಾಪಸು ಬರುವಾಗ ಮಿನಿಬಸ್ಸಿನಲ್ಲಿ ನಾನು ಅದನ್ನೇ ಯೋಚಿಸುತ್ತಿದ್ದೆ. ಘಟನೆ ನಡೆದರೆ ಎದ್ದು ಕೆಲಸ ಮಾಡು ಎಂದು ನಾನು ಪ್ರೋಗ್ರಾಮಿಗೆ ಹೇಳಿದ್ದೆ. ಏನೂ ನಡೆಯದಿರುವುದು ಘಟನೆಯಲ್ಲ. ಅದನ್ನು ಯಾರೂ ಸಾರುವುದಿಲ್ಲ, ಹಾಗಾಗಿ ಯಾರೂ ಕೇಳಿಸಿಕೊಳ್ಳುವುದಿಲ್ಲ. ಕಲೀಪಕ್ಕನಿಗೆ ಮಾತ್ರ ಅದು ಕೇಳಿಸಿತ್ತು.

ಮಾರ್ಚ್ ಪೂರ್ತಿ ಅವರೂ ನಾನೂ ಅಕ್ಕಪಕ್ಕ ಕೂತೆವು. ಕೆಲಸ ದೊಡ್ಡದಲ್ಲ. ಒಂದು ಸುದ್ದಿ ಬಂದ ಕೂಡಲೇ ಮುಂದಿನ ಸುದ್ದಿಗೆ ಒಂದು ಗಡಿಯಾರ ಓಡತೊಡಗಬೇಕು. ಸುದ್ದಿ ಬಂದರೆ ಗಡಿಯಾರ ನಿಲ್ಲುತ್ತದೆ. ಬರಲಿಲ್ಲವೋ, 'ಸುದ್ದಿ ಇಲ್ಲ' ಅನ್ನುವುದನ್ನೇ ಒಂದು ಘಟನೆ ಮಾಡಿ ಸಾರಬೇಕು. ಚುಕ್ಕೆ ಹಸಿರೂ ಅಲ್ಲದೆ ಕೆಂಪೂ ಅಲ್ಲದೆ ಬೂದು ಬಣ್ಣಕ್ಕೆ ತಿರುಗಬೇಕು. ಕಷ್ಟವಿದ್ದದ್ದು ಎಷ್ಟು ಹೊತ್ತು ಕಾಯಬೇಕು ಅನ್ನುವುದರಲ್ಲಿ. ನಾನು ಎಲ್ಲರಿಗೂ ಎರಡು ಗಂಟೆ ಎಂದು ಬರೆದದ್ದನ್ನು ನೋಡಿ ಅಕ್ಕ ಹಣೆ ಚಚ್ಚಿಕೊಂಡರು.

"ಜನವರಿಲೂ ಎರಡು, ಜೂನಲ್ಲೂ ಎರಡಾ? ಖಾಲಿ ಲಾರಿಗೂ ತುಂಬಿದ್ದಕ್ಕೂ ಒಂದೇನಾ? ನಿನ್ನ ಡಂಗುರದವನು ಘಾಟಿ ಹತ್ತಿದ್ದಾನಾ ಯಾವತ್ತಾದ್ರೂ?"

ಅವರು ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ತಿಂಗಳು ತಿಂಗಳಿಗೆ, ತಿರುವು ತಿರುವಿಗೆ, ಡ್ರೈವರು ಡ್ರೈವರಿಗೆ. ಬೂದು ಸುದ್ದಿ ಮನೆಯವರಿಗೆ ನೇರ ಹೋಗಬೇಕೇ ಅನ್ನುವುದಕ್ಕೆ ಮಾತ್ರ ನಮ್ಮಿಬ್ಬರಿಗೂ ಜಗಳವಾಯಿತು. ಸಬೀರಾ ಕೇಳಿದ್ದು ಅದನ್ನೇ ಅಲ್ಲವೇ ಎಂದೆ ನಾನು. ಗೊತ್ತಿಲ್ಲ ಅನ್ನುವ ಮಾತನ್ನು ಯಂತ್ರದ ಬಾಯಿಂದ ಕೇಳಿಸಿಕೊಂಡವಳು ಆಮೇಲೆ ಯಾರನ್ನು ಹಿಡಿದುಕೊಳ್ಳಬೇಕು ಎಂದರು ಅವರು. ಕೊನೆಗೆ ಅವರದೇ ನಡೆಯಿತು. ಆ ಸುದ್ದಿಗೆ ಕಿವಿಗೊಡುವ ಹಕ್ಕು ನಡುವಿನ ಮೇಜಿಗೆ ಮಾತ್ರ. ಅಲ್ಲಿಂದ ಹತ್ತು ನಿಮಿಷದೊಳಗೆ ಮನುಷ್ಯರೇ ಒಬ್ಬರು ಮನೆಗೆ ಫೋನ್ ಮಾಡಬೇಕು. ಪ್ರೋಗ್ರಾಮಿನಲ್ಲಿ ಅದನ್ನೂ ಬರೆದೆ. ಮಾಡದಿದ್ದರೆ ಎರ್ಕಿನಣ್ಣನಿಗೆ ಗಂಟೆ ಹೊಡೆಯುತ್ತದೆ.

ಎರ್ಕಿನಣ್ಣ ಇಬ್ಬರು ಸಾಲದೇ ಅನ್ನುವ ಮಾತನ್ನು ಮತ್ತೆ ಎತ್ತಲಿಲ್ಲ. ಏಪ್ರಿಲ್‌ನಲ್ಲಿ ಒಂದು ದಿನ ತಾವೇ ಹೊತ್ತುಕೊಂಡು ಬಂದು ಕಲೀಪಕ್ಕನ ಮೇಜಿನ ಕೆಳಗೆ ಮೆತ್ತೆ ಹೊಲಿಸಿದ ಕಾಲುಮಣೆಯೊಂದನ್ನಿಟ್ಟು ಹೋದರು. ಅಕ್ಕ ಅದರ ಎತ್ತರ ಸರಿಯಿಲ್ಲ ಎಂದು ಇಡೀ ದಿನ ಗೊಣಗಿದರು, ಕಾಲು ಮಾತ್ರ ಅದರ ಮೇಲೇ ಇತ್ತು.

ಕುಬಾತ್ ಮತ್ತೆ ಘಾಟಿ ಹತ್ತಲಿಲ್ಲ. ತೊಕ್ತೊಗುಲ್‌ನಲ್ಲೇ ಹಾಲಿನ ವ್ಯಾನು ಓಡಿಸುತ್ತಾನೆ, ಮಧ್ಯಾಹ್ನದ ಊಟಕ್ಕೆ ಮನೆಗೆ ಬರುತ್ತಾನೆ. ಕೇಳುವವರ ಪಟ್ಟಿಯಿಂದ ಸಬೀರಾ ತನ್ನ ಹೆಸರನ್ನು ತಾನೇ ತೆಗೆದುಹಾಕಿದಳು. ಆ ದಿನ ಕಲೀಪಕ್ಕನಿಗೆ ಅದನ್ನು ತೋರಿಸಿದೆ. ಅವರು ಓದಿ, "ಹೋಗ್ಲಿ ಬಿಡು, ಒಬ್ಬಳಾದ್ರೂ ಬಚಾವಾದಳು" ಎಂದರು.

ಬೂದು ಚುಕ್ಕೆ ನಿಜವಾಗಿ ಮೊದಲ ಸಲ ಎದ್ದದ್ದು ಮೇ ಕೊನೆಯಲ್ಲಿ, ಬಿಸಿಲು ಹೊಳೆಯುವ ಒಂದು ಮಧ್ಯಾಹ್ನ. ಸತಾರ್ ಎಂಬ ಡ್ರೈವರನ ಲಾರಿ. ಸುಸಮೀರ್ ಬಯಲಿನಲ್ಲೇ, ಹೊತ್ತು ಮೀರಿ ನಲವತ್ತು ನಿಮಿಷ. ಕಲೀಪಕ್ಕ ಮೊದಲು ಸತಾರನ ತಾಯಿಗೆ ಫೋನ್ ಮಾಡಿ, ಮಗನ ಸುದ್ದಿ ಸ್ವಲ್ಪ ತಡವಾಗಿದೆ, ವಿಚಾರಿಸುತ್ತಿದ್ದೇನೆ, ನಾನಿದ್ದೇನೆ ಎಂದರು. ಆಮೇಲೆ ಬಯಲಿನಲ್ಲಿ ತಮಗೆ ಗೊತ್ತಿದ್ದವರಿಗೆಲ್ಲ ಒಬ್ಬೊಬ್ಬರಿಗೇ ಮಾಡಿದರು. ಇಪ್ಪತ್ತು ನಿಮಿಷಕ್ಕೆ ಒಬ್ಬ ಕುದುರೆಯವನು ಅವನನ್ನು ಕಂಡುಹಿಡಿದ. ಬೇಸಿಗೆಯ ಮೇವಿಗೆ ಆಗಷ್ಟೇ ಬೆಟ್ಟ ಏರಿ ಬಂದ ಕುರಿಗಾಹಿಗಳು ರಸ್ತೆಬದಿಯಲ್ಲಿ ಡೇರೆ ಹಾಕಿದ್ದರು. ಸತಾರನ ಸೋದರಮಾವನ ಪೈಕಿ. ವರ್ಷದ ಮೊದಲ ಕುಮಿಸ್, ಅಂದರೆ ಹುಳಿ ಬರಿಸಿದ ಕುದುರೆ ಹಾಲು, ಕುಡಿಯದೆ ಮುಂದೆ ಹೋಗಬಾರದೆಂದು ಎಳೆದುಕೊಂಡು ಹೋಗಿದ್ದರು. ಮೂರು ಬಟ್ಟಲು ಕುಡಿದ ಸತಾರ್ ಹುಲ್ಲಿನ ಮೇಲೆ ಟೋಪಿಯನ್ನು ಮುಖಕ್ಕೆ ಮುಚ್ಚಿಕೊಂಡು ಗೊರಕೆ ಹೊಡೆಯುತ್ತಿದ್ದ.

ಕುದುರೆಯವನು ಸಿಗ್ನಲ್ ಸಿಗುವ ದಿಬ್ಬಕ್ಕೆ ಅವನನ್ನು ಎಬ್ಬಿಸಿ ಕರೆತಂದು ಫೋನ್ ಕೊಟ್ಟ. ಕಲೀಪಕ್ಕ ಅವನನ್ನು ಕಾಲು ಗಂಟೆ ಬೈದರು. ಇಪ್ಪತ್ತೆರಡು ವರ್ಷದಲ್ಲಿ ಅವರು ಹಾಗೆ ಬೈದದ್ದನ್ನು ಕೋಣೆಯ ಉಳಿದಿಬ್ಬರೂ ಕೇಳಿರಲಿಲ್ಲವಂತೆ. ಕೆಲಸ ಬಿಟ್ಟು ಕೇಳುತ್ತಾ ಕೂತರು. ಬೈದು ಮುಗಿಸಿ, ನೀರು ಕುಡಿದು, ಅವನ ತಾಯಿಗೆ ಫೋನ್ ತಿರುಗಿಸಿದರು.

"ಏನೂ ಆಗಿಲ್ಲ ಕಣಮ್ಮ. ಕುಮಿಸ್ ಕುಡಿದು ಮಲಗಿದ್ದ ನಿನ್ನ ಮಗ. ಈಗ ಎದ್ದ, ಹೊರಟಿದಾನೆ." ಆ ಕಡೆಯ ಮಾತು ಕೇಳುತ್ತಾ ಅಕ್ಕನ ಮುಖ ಮೆತ್ತಗಾಯಿತು. "ಇಲ್ಲ ಇಲ್ಲ, ತೊಂದರೆ ಏನು ಬಂತು. ಹೇಳು, ಇವತ್ತು ಅಡಿಗೆ ಏನು ಮಾಡಿದ್ದೀಯ?" ಎಂದು ಕುರ್ಚಿಗೆ ಒರಗಿ ಮಾತಿಗೆ ಕೂತರು.